ಬೆಂಕಿ ಕಾಣದ ಹಲಗೆ

ನಮ್ಮ ರಾಕ್ ಬ್ಯಾಂಡಿನ ಮೊದಲ ಆಲ್ಬಮ್ಮನ್ನು ಯಾರಾದರೂ ಹೊಗಳಿದರೆ ನನಗೆ ಮೈ ಉರಿಯುತ್ತದೆ. ಹಾಡಿದವನು ನಾನೇ, ಆದರೂ ಉರಿಯುತ್ತದೆ.

ನರಗುಂದದವರು ಇಬ್ಬರು, ಗಜೇಂದ್ರಗಡದವನೊಬ್ಬ, ರೋಣದವನು ನಾನು. ರೋಣದಲ್ಲಿ ಖಾಲಿ ಬಿದ್ದಿದ್ದ ಗೋದಾಮೊಂದರಲ್ಲಿ ತಾಲೀಮು ನಡೆಸುತ್ತಿದ್ದೆವು. ಎರಡು ಗಿಟಾರು, ಒಂದು ಡ್ರಮ್ಸ್, ಗಂಟಲು ನನ್ನದು. ಊರಿಗೆ ಹತ್ತು ಇರುವ ಬ್ಯಾಂಡುಗಳ ಹಾಗೆಯೇ ಕೇಳಿಸುತ್ತಿದ್ದೆವು. ಜಕ್ಕಲಿಯ ಕಾಕಾ ಬಂದು ಹಲಗೆ ಬಾರಿಸಿದ ಮೇಲೆ ಹಾಡುಗಳಿಗೆ ಜೀವ ಬಂತು. ಅರವತ್ತು ದಾಟಿದ ಮನುಷ್ಯ. ಕರೆದವರ ಮನೆ ಮುಂದೆಲ್ಲ ಬಾರಿಸಿ, ಆಮೇಲೆ ಹೊರಗೇ ಕೂತು ಉಂಡವರು. ತಮ್ಮ ಕೈಯ ಸದ್ದನ್ನು ಮೊಮ್ಮಗಳು ಫೋನಿನಲ್ಲಿ ಕೇಳಬೇಕು, ಅದೊಂದೇ ಅವರ ಆಸೆಯಾಗಿತ್ತು.

ಹಲಗೆಯ ಚರ್ಮವನ್ನು ಬೆಂಕಿಗೆ ಹಿಡಿದು ಬಿಗಿ ಮಾಡಿಕೊಳ್ಳಬೇಕು; ತಣ್ಣಗಾದರೆ ಮತ್ತೆ ಕಾಸಬೇಕು. ಗೋದಾಮಿನ ಬಾಗಿಲಲ್ಲಿ ದಿನವೂ ಹತ್ತಿಕಟ್ಟಿಗೆ ಉರಿಸಿದವರು ನಾವೇ. ಅಂಥ ನಾವು ಹುಬ್ಬಳ್ಳಿಯ ಸ್ಟುಡಿಯೋಕ್ಕೆ ಹೊರಟಾಗ ಹೆಚ್ಚುವರಿ ತಂತಿ, ಕೇಬಲ್ಲು ಎಲ್ಲ ನೆನಪಿಟ್ಟು ಕಟ್ಟಿಕೊಂಡೆವು. ಅಲ್ಲಿ ಬೆಂಕಿ ಹಚ್ಚಲು ಜಾಗ ಇದೆಯೇ ಎಂದು ಮಾತ್ರ ಒಬ್ಬನೂ ಕೇಳಲಿಲ್ಲ. ಮೂರನೇ ಮಹಡಿ, ಏಸಿ ಕೋಣೆ. ಸ್ವಲ್ಪ ಹೊತ್ತಿಗೇ ಹಲಗೆ ಒದ್ದೆ ಗೋಣಿಚೀಲ ಬಡಿದಂತೆ ಸದ್ದು ಮಾಡತೊಡಗಿತು.

"ಒಂದೀಟ ಕಾಸಬೇಕ್ರಿ, ಸಾಹೇಬ್ರ," ಎಂದರು ಕಾಕಾ.

"ಇಲ್ಲಿ ಬೆಂಕಿ ಹಚ್ಚತೀ? ತಲಿ ನೆಟ್ಟಗೈತಿಲ್ಲೊ ಮುದುಕಾ?" ಎಂದ ಸ್ಟುಡಿಯೋದವನು.

ನಾನು ಅಲ್ಲೇ ನಿಂತಿದ್ದೆ. ನನ್ನ ಬಾಯಿಗೆ ಏನು ಬಡಿದಿತ್ತೋ! ಕಾಕಾರನ್ನು ಬಸ್ಸು ಹತ್ತಿಸಿ ಬಂದೆವು. ಅಷ್ಟರಲ್ಲಿ ಆತ ಕಂಪ್ಯೂಟರಿನಲ್ಲಿದ್ದ ಯಾವುದೋ ಹಲಗೆಯ ಸದ್ದನ್ನು ಹಾಡಿಗೆ ಅಂಟಿಸಿದ್ದ.

"ಯಾರಿಗೆ ತಿಳಿತೈತಿ, ಬಿಡಲೇ," ಎಂದ ನಮ್ಮ ಗಿಟಾರಿನವನು.

ನಾನೂ ಹೂಂ ಎಂದೆ. ಎಂಟು ಹಾಡುಗಳಲ್ಲಿ ಒಂದರಲ್ಲೂ ಕಾಕಾರ ಕೈ ಇಲ್ಲ. ಆದರೆ ಆಲ್ಬಮ್ಮಿನ ಮುಖಪುಟಕ್ಕೆ ಹಾಕಿದ್ದು ಅವರದೇ ಫೋಟೋ, ಹಲಗೆ ಸಮೇತ. ನಾಚಿಕೆಗೆಟ್ಟವರು ನಾವು!

ಆಲ್ಬಮ್ ಬಂದ ದಿನ, ಎಲ್ಲ ಹೇಳಿಬಿಡಬೇಕೆಂದು ಜಕ್ಕಲಿಗೆ ಹೋದೆ. ಮೊಮ್ಮಗಳು ಆಗಲೇ ಹಾಡು ಹಚ್ಚಿದ್ದಳು. ಕಾಕಾ ಫೋನನ್ನು ಕಿವಿಗೆ ಒತ್ತಿಕೊಂಡು ಕೊನೆಯವರೆಗೂ ಕೇಳಿದರು.

"ಚಲೋ ಬಾರಿಸ್ಯಾನ," ಎಂದರು ನನಗೆ. "ಯಾವೂರಾಂವ?"

ನಾನು ಅಂಗಳದ ಕಡೆ ಮುಖ ತಿರುಗಿಸಿದೆ. ಮೊಮ್ಮಗಳು ಪರದೆಯ ಮೇಲಿನ ಫೋಟೋ ಮುಟ್ಟಿ, "ಇದು ನೀನ ಅಲ್ಲೇನ, ಅಜ್ಜಾ?" ಎಂದಳು.

ಕಾಕಾ ನನ್ನನ್ನೊಮ್ಮೆ ನೋಡಿದರು. ಆಮೇಲೆ ಅವಳ ತಲೆ ಸವರಿದರು.

"ಹೌದವಾ," ಎಂದರು. "ನಾನ."