ತಲೆಕೆಳಗಾದ ವರ

ತಿರುಗಿಸಿದರೆ ಎರಡು ಚಿತ್ರ ಒಂದಾಗಿ ಕಾಣುವ ಆಟಿಕೆಗೆ ಕನ್ನಡದಲ್ಲಿ ಏನನ್ನುತ್ತಾರೆ ಎಂದು ಯಾರಾದರೂ ಕೇಳಿದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ಆ ಪ್ರಶ್ನೆ ನಮ್ಮ ಮನೆಗೆ ಮಾಡಿದ ಉಪಕಾರ ಸಾಕು.

ಕೊಪ್ಪಳ ಹೊಸದಾಗಿ ಜಿಲ್ಲೆಯಾಗಿದ್ದ ಕಾಲ. ಕುಷ್ಟಗಿಯ ನಮ್ಮ ಮನೆಗೆ ಅಕ್ಕನನ್ನು ನೋಡಲು ಗಂಗಾವತಿಯಿಂದ ಗಂಡಿನವರು ಬರುವವರಿದ್ದರು. ಮೊದಲೇ ಕಳಿಸಿದ್ದ ಫೋಟೊ ನೋಡಿಯೇ ಅಕ್ಕ ಹುಡುಗನನ್ನು ಮೆಚ್ಚಿ ಕೂತಿದ್ದಳು. ಹೈಸ್ಕೂಲಿನ ಮಹಾವಿಜ್ಞಾನಿಯಾದ ನಾನು ಈ ಸಂಬಂಧಕ್ಕೆ ಕೈಲಾದ ಸೇವೆ ಮಾಡಲು ಹೊರಟೆ.

ಹಳೇ ಲಗ್ನಪತ್ರಿಕೆಯ ರಟ್ಟನ್ನು ದುಂಡಗೆ ಕತ್ತರಿಸಿ ಒಂದು ಬದಿಗೆ ಅಕ್ಕನ ಚಿತ್ರ, ಇನ್ನೊಂದು ಬದಿಗೆ ಫೋಟೊದಲ್ಲಿದ್ದ ಮೀಸೆ, ಕ್ರಾಪು ಬಿಡದಂತೆ ಹುಡುಗನ ಚಿತ್ರ ಬರೆದೆ. ಎಡಬಲಕ್ಕೆ ದಾರ ಕಟ್ಟಿ ಹೊಸೆದರೆ ಇಬ್ಬರೂ ಒಂದೇ ಮಣೆಯ ಮೇಲೆ ಕೂತಂತೆ ಕಾಣುತ್ತಿತ್ತು. ಹಾಗೆ ಕಾಣಬೇಕಾದರೆ ಹಿಂಬದಿಯ ಚಿತ್ರವನ್ನು ತಲೆಕೆಳಗಾಗಿ ಬರೆಯಬೇಕು. ಅದು ವಿಜ್ಞಾನ, ನನ್ನ ಚೇಷ್ಟೆಯಲ್ಲ.

ಚಹಾದ ಜೊತೆ ಅದನ್ನೂ ತಂದಿಟ್ಟೆ. ಹುಡುಗನ ಸೋದರಮಾವ ಕುಕನೂರಿನ ಕಡೆ ಕನ್ನಡ ಮಾಸ್ತರು. ಕೈಗೆತ್ತಿಕೊಂಡು, "ಇದಕ್ಕ ಏನಂತಾರವಾ?" ಎಂದರು.

"ಥಾಮಟ್ರೋಪ್ ರಿ."

"ಕನ್ನಡದಾಗ ಹೇಳು."

"ಗಿರಗಿಟ್ಲಿ ರಿ" ಎಂದು ಅವ್ವ ಒಳಗಿಂದಲೇ ಕೂಗಿದಳು. ತಿರುಗುವುದೆಲ್ಲ ಅವಳಿಗೆ ಗಿರಗಿಟ್ಲಿಯೇ, ಫ್ಯಾನೂ ಸೇರಿ. ಅಷ್ಟು ಸುಲಭದ ಮಾತು ಮಾಸ್ತರರ ಗಂಟಲಲ್ಲಿ ಇಳಿಯಲಿಲ್ಲ. ಕಣ್ಣು ಮುಚ್ಚಿ ತಿಣುಕಿ, 'ದೃಗ್ಭ್ರಮಣ ಚಕ್ರಿಕೆ' ಎಂಬುದನ್ನು ಹೆತ್ತರು. ಅಪ್ಪ ಏನೂ ತಿಳಿಯದೆ "ಭಾಳ ಛಲೋ ಐತ್ರಿ" ಎಂದ; ಹೆಣ್ಣು ಹೆತ್ತವನಲ್ಲವೇ.

ಹೆಸರಿಟ್ಟ ಮೇಲೆ ಆ ಮಹಾನುಭಾವರು ಅದನ್ನು ತಿರುಗಿಸಬೇಕಿತ್ತು. ಪುಸ್ತಕದ ಹಾಳೆಯಂತೆ ಮಗುಚಿದರು. ತಂಗಿಯ ಮಗ ಬಾವಲಿಯಂತೆ ಜೋತಾಡುತ್ತಿದ್ದ.

ಸಂಸ್ಕೃತವೆಲ್ಲ ಹಾರಿಹೋಯಿತು. "ನಮ್ಮ ಹುಡುಗನ್ನ ತಲಿಕೆಳಗ ಮಾಡ್ಯಾರ! ಈಗ್ಲೇ ಹಿಂಗ, ಲಗ್ನ ಆದಮ್ಯಾಲ ಹೆಂಗೋ!"

"ದಾರ ಹೊಸೆದು ನೋಡ್ರಿ" ಎಂದು ಬೇಡಿಕೊಂಡೆ. ಹುಡುಗ ಅದನ್ನು ಇಸಿದುಕೊಂಡು ಹೊಸೆದ. ಜೋಡಿ ಕಂಡಿತು. ನಕ್ಕು, ಬಾಗಿಲ ಮರೆಯಲ್ಲಿದ್ದ ಅಕ್ಕನ ಕಡೆ ನೋಡಿದ. ಅಕ್ಕನ ಮುಖ ಅರಳಿತು, ನನಗೋ ಗೆದ್ದಷ್ಟು ಖುಷಿ. ಅಷ್ಟರಲ್ಲಿ ಮಾಸ್ತರರು ಎದ್ದರು. ಹುಡುಗನೂ ಆಟಿಕೆಯನ್ನು ಉಪ್ಪಿಟ್ಟಿನ ತಾಟಿನ ಪಕ್ಕ ಇಟ್ಟು ಎದ್ದು, ಚಪ್ಪಲಿ ಮೆಟ್ಟಿದ.

ಅವರ ಜೀಪು ಹೋದ ಮೇಲೆ ಮನೆಯವರೆಲ್ಲ ಸೇರಿ ನನಗೆ ಮಂಗಳಾರತಿ ಎತ್ತಿದರು. ಅಕ್ಕ ಅಳುತ್ತಲೇ ನಡುವೆ ಬಂದು ನಿಂತಳು. ಅವಳ ಅಳು ನೋಡಿ ನನಗೆ ನಿಜಕ್ಕೂ ಸಂಕಟವಾಯಿತು.

"ಆಕಿಗ್ಯಾಕ ಬೈತೀರಿ?" ಎಂದಳು. "ತಲಿಕೆಳಗ ಇದ್ದಿದ್ರೂ ನಾ ಸಂಸಾರ ಮಾಡ್ತಿದ್ದೆ. ಮಾವ ಎದ್ದ ಕೂಡ್ಲೇ ಎದ್ದು ಹೋಗಾಂವನ್ನ ಕಟಗೊಂಡು ಏನ್ ಮಾಡ್ಲಿ?"