ಟೈಲರ್ ಆಪಾರ ಎಡಗಣ್ಣು

ದಾರದ ತುದಿಯನ್ನು ತುಟಿಯ ಎಡಮೂಲೆಯಲ್ಲಿ ಒದ್ದೆ ಮಾಡಿ, ಎರಡು ಬೆರಳಲ್ಲಿ ಚಪ್ಪಟೆ ಒತ್ತಿ, ಒಂದೇ ಸಲಕ್ಕೆ ಸೂಜಿಗೆ ಪೋಣಿಸುತ್ತಿದ್ದರು. ಅದೇ ಬೆರಳಲ್ಲಿ ಕಣ್ಣು ಉಜ್ಜಿಕೊಳ್ಳುವುದೂ ರೂಢಿ. ವರ್ಷಕ್ಕೆ ಒಂದೆರಡು ಬಾರಿ ತುಟಿಯ ಆ ಮೂಲೆಯಲ್ಲಿ ಸಾಬಕ್ಕಿಯಂಥ ನೀರುಗುಳ್ಳೆಗಳು ಗುಂಪಾಗಿ ಏಳುತ್ತಿದ್ದವು. ಭದ್ರಾವತಿಯ ಓಲ್ಡ್ ಟೌನಿನಲ್ಲಿ ನಮ್ಮ ಮನೆಯಿಂದ ಮೂರನೆಯ ಮನೆ ಅವರದು. ಬೀದಿಯ ಹೆಂಗಸರೆಲ್ಲರ ರವಿಕೆಯ ಅಳತೆ ಅವರಿಗೆ ಬಾಯಿಪಾಠ. “ಒಳಗೆ ಎರಡಿಂಚು ಬಿಟ್ಟಿದೀನಿ ಮೇಡಂ, ಆಮೇಲೆ ಬೇಕಾಗುತ್ತೆ,” ಎಂದು ನನ್ನ ಸೊಂಟದ ಕಡೆ ನೋಡಿ ನಗುತ್ತಿದ್ದರು. ಅಕ್ಕ ಅನ್ನುವ ಹಾಗೆ ನಮಗೆಲ್ಲ ಅವರು ಟೈಲರ್ ಆಪಾ.

“ಏನ್ ಆಪಾ, ಜೇಡ ಮುತ್ತು ಕೊಟ್ಟು ಹೋಯ್ತಾ?” ಎಂದು ಯಾರಾದರೂ ರೇಗಿಸಿದರೆ, “ನಮ್ಮ ಯಜಮಾನರು ಹೋಗಿ ಎಷ್ಟು ವರ್ಷ ಆಯ್ತು. ಜೇಡಾನಾದ್ರೂ ಕೊಡ್ಲಿ ಬಿಡಿ ಮಾರಾಯ್ತಿ,” ಎನ್ನುತ್ತ ಗುಳ್ಳೆಗೆ ಸುಣ್ಣ ಹಚ್ಚಿಕೊಳ್ಳುತ್ತಿದ್ದರು. ಒಳಗಿನ ಜ್ವರ ಹೀಗೆ ಹೊರಬೀಳುತ್ತದೆ ಎಂಬುದು ಅವರ ನಂಬಿಕೆ. ನನ್ನದೂ ಅದೇ ಆಗಿತ್ತು.

ಮೂರು ವರ್ಷದ ಹಿಂದೆ, ಮದುವೆ ಸೀಸನ್ನಿನಲ್ಲಿ, ಆಪಾಗೆ ಜ್ವರ ಬಂದು ಇಳಿದಿತ್ತು. ತುಟಿಯಲ್ಲಿ ಗುಳ್ಳೆ. ನಾನು ಫಾಲ್ ಹಾಕಿಸಲು ಸೀರೆ ಹಿಡಿದು ಹೋದಾಗ ಬಾಗಿಲ ಬೆಳಕಿಗೆ ಬೆನ್ನು ಮಾಡಿ ಕುಳಿತಿದ್ದರು. ಎಡಗಣ್ಣು ಕೆಂಪಗೆ ನೀರು ಸುರಿಸುತ್ತಿತ್ತು.

“ಮರಳು ಹಾಕಿದಂಗೆ ಚುಚ್ಚುತ್ತೆ ಮೇಡಂ.”

ನಮ್ಮ ಅತ್ತೆಗೆ ಪೊರೆ ಆಪರೇಷನ್ ಆದಾಗ ತಂದ ಡ್ರಾಪ್ಸ್ ಅರ್ಧ ಉಳಿದು ಫ್ರಿಜ್ಜಿನ ಬಾಗಿಲಲ್ಲಿತ್ತು. ಓಡಿಹೋಗಿ ತಂದೆ. ಆಪಾ ಸೀಸೆಯನ್ನು ಹಿಂದೆ ಮುಂದೆ ತಿರುಗಿಸಿ ನನ್ನ ಕೈಗೇ ಕೊಟ್ಟರು.

“ನಂಗೆಲ್ಲಿ ಇಂಗ್ಲಿಷ್ ಬರುತ್ತೆ? ನೀವು ಕಾನ್ವೆಂಟಲ್ಲಿ ಓದಿದೋರು. ನೋಡಿ ಹೇಳಿ, ಹಾಕ್ಬೋದಾ?”

ನಾನು ಡೇಟ್ ಮಾತ್ರ ನೋಡಿದೆ. “ಹಾಕ್ಬೋದು ಆಪಾ, ಕಣ್ಣಿಂದೇ,” ಎಂದೆ.

ಮೊದಲ ನಾಲ್ಕು ದಿನ ಕೆಂಪು ಇಳಿಯಿತು. “ನಿಮ್ಮ ಕೈಗುಣ,” ಎಂದರು. ಹತ್ತನೆಯ ದಿನದ ಹೊತ್ತಿಗೆ ಆ ಕಣ್ಣಿಗೆ ಹೊಗೆ ಕವಿದಿತ್ತು. ಬಸ್ಸಿನಲ್ಲಿ ಶಿವಮೊಗ್ಗದ ಕಣ್ಣಿನ ಆಸ್ಪತ್ರೆಗೆ ಕರೆದುಕೊಂಡು ಹೋದೆ.

ಡಾಕ್ಟರು ಕಣ್ಣು ನೋಡಿ, ಆಮೇಲೆ ತುಟಿಯ ಮೇಲೆ ಒಣಗುತ್ತಿದ್ದ ಹಕ್ಕಳೆ ನೋಡಿದರು. ಜೇಡವೂ ಅಲ್ಲ, ಒಳಜ್ವರವೂ ಅಲ್ಲ, ಎರಡೂ ಕಡೆ ಒಂದೇ ವೈರಸ್ ಎಂದರು.

“ಒಂದ್ಸಲ ಮೈಗೆ ಸೇರಿದ್ರೆ ನರದಲ್ಲಿ ಮಲಗಿರುತ್ತಮ್ಮ. ಜ್ವರ, ಬಿಸಿಲು, ಆಯಾಸ ಅಂದ್ರೆ ಏಳುತ್ತೆ. ಗುಳ್ಳೆ ಮುಟ್ಟಿದ ಕೈ ಕಣ್ಣಿಗೆ ಹೋಗ್ಬಾರ್ದು. ಮಕ್ಕಳಿಗೆ ಮುತ್ತು ಕೊಡ್ಬಾರ್ದು. ತುಟಿ ಚುರುಚುರು ಅಂದ ದಿನಾನೇ ವೈರಸ್ಸಿನ ಮಾತ್ರೆ ತಗೊಂಡ್ರೆ ಬೇಗ ಒಣಗುತ್ತೆ.” ಆಮೇಲೆ ಕೇಳಿದರು: “ಕಣ್ಣಿಗೆ ಏನು ಹಾಕಿದ್ರಿ? ಸ್ಟೀರಾಯ್ಡ್ ಇರೋ ಡ್ರಾಪ್ಸ್ ಹಾಕಿದ್ರೇನೇ ಕಣ್ಣಿನ ಹುಣ್ಣು ಹೀಗೆ ಹರಡೋದು.”

ಸೀಸೆಯ ಮೇಲೆ ನಾನು ಡೇಟ್ ಬಿಟ್ಟು ಬೇರೇನೂ ಓದಿರಲಿಲ್ಲ.

“ಮೆಡಿಕಲ್ ಶಾಪಲ್ಲಿ ಕೊಟ್ರು ಸಾರ್,” ಎಂದರು ಆಪಾ, ನನ್ನ ಕಡೆ ನೋಡದೆ.

ನಾನು ಡಾಕ್ಟರು ಬರೆದ ಚೀಟಿ ತೆಗೆದುಕೊಂಡು ಔಷಧಿ ತರಲು ಎದ್ದೆ.

ತಿಂಗಳುಗಟ್ಟಲೆ ಔಷಧಿ ಹಾಕಿದ ಮೇಲೆ ಹುಣ್ಣೇನೋ ಮಾಯಿತು. ಕರಿಗುಡ್ಡೆಯ ಮೇಲೆ ಬಿಳಿ ಕಲೆ ಉಳಿಯಿತು. ಒಂದೇ ಕಣ್ಣಿಗೆ ಹೊಲಿಗೆಯ ಸಾಲು ತಪ್ಪುತ್ತಿತ್ತು. ಗಿರಾಕಿಗಳು ಒಬ್ಬೊಬ್ಬರಾಗಿ ನ್ಯೂ ಟೌನಿನ ಅಂಗಡಿಗಳಿಗೆ ಹೋದರು. ದಾನದ ಕಣ್ಣು ಹಾಕಿಸಬಹುದು, ಆದರೆ ವೈರಸ್ ಅದರಲ್ಲೂ ಏಳಬಹುದು ಎಂದಿದ್ದರು ಡಾಕ್ಟರು. “ನಕ್ಕೋ ಮೇಡಂ, ಬೇಡ. ಯಾರೋ ಪುಣ್ಯಾತ್ಮರು ಬಿಟ್ಟುಹೋದ ಕಣ್ಣನ್ನೂ ನಾನ್ಯಾಕೆ ಕೆಡಿಸ್ಲಿ?” ಎಂದರು. ಆ ಸೀಸೆಯ ಮಾತೆತ್ತಲು ಎಷ್ಟೋ ಸಲ ಹೋದೆ. “ಟೀ ಆರಿಹೋಗುತ್ತೆ, ಕುಡೀರಿ,” ಎನ್ನುತ್ತಿದ್ದರು.

ಈ ವರ್ಷ ಆಪಾ ಎದೆನೋವು ಬಂದು ಹೋಗಿಬಿಟ್ಟರು. ಶಿವಮೊಗ್ಗದ ಹೊಸಮನೆ ಬಡಾವಣೆಯಿಂದ ಬಂದಿದ್ದ ಅವರ ಮಗಳು ನನ್ನ ಕೈ ಹಿಡಿದುಕೊಂಡು ಅಲ್ಲಿದ್ದವರಿಗೆಲ್ಲ ಹೇಳಿದಳು: “ಆ ಮೆಡಿಕಲ್ ಶಾಪಿನೋನು ಅಮ್ಮಿ ಕಣ್ಣು ಕಳೆದ. ಪಾಪ, ಈ ಮೇಡಮ್ಮೇ ಆಸ್ಪತ್ರೆಗೆ ಕರ್ಕೊಂಡು ಹೋಗಿದ್ದು.”

ಹೆಂಗಸರು ಸರಿದು ನನಗೆ ಜಾಗ ಮಾಡಿಕೊಟ್ಟರು. ಕುಳಿತೆ.