ಬೀಗರಿಗೊಂದು ಸ್ಟೇಷನ್ ರುಮಾಲು

ಕಳೆದ ವಾರ ನಾನು ನಮ್ಮ ಬೀಗರಿಗೆ ಒಂದು ಮೆಟ್ರೋ ಸ್ಟೇಷನ್ ಆಹೇರ ಮಾಡಿದೆ.

ನಗಬೇಡಿ. ನೀವು ನಿಮ್ಮ ಬೀಗರಿಗೆ ಏನು ಕೊಟ್ಟಿದ್ದೀರಿ? ಸ್ಟೀಲ್ ಡಬ್ಬಿ? ಪ್ಯಾಂಟ್ ಪೀಸ್?

ವಿಷಯ ಇಷ್ಟು. ಮಗಳ ಮದುವೆಯಲ್ಲಿ ಹುಬ್ಬಳ್ಳಿಯ ಬೀಗರು ಚನ್ನಬಸಪ್ಪನವರಿಗೆ ನಾನೇ ರುಮಾಲು ಸುತ್ತಿದ್ದೆ. ಎರಡೇ ಸುತ್ತಿಗೆ ಬಟ್ಟೆ ಮುಗಿಯಿತು. ಸಿಕ್ಕಿಸಲು ಜಾಗ ಸಾಲದೆ ತುದಿ ಬೆಕ್ಕಿನ ಬಾಲದ ಹಾಗೆ ನಿಂತುಬಿಟ್ಟಿತು. ಫೋಟೋದಲ್ಲಿ ಈಗಲೂ ನಿಂತಿದೆ. (ತಪ್ಪು ರುಮಾಲಿನದಲ್ಲ, ತಲೆಯದು. ಅಂಥ ತಲೆಗಳನ್ನು ನಾನು ಕಲ್ಲಂಗಡಿ ಅಂಗಡಿಯಲ್ಲಷ್ಟೇ ನೋಡಿದ್ದೇನೆ.) ಅಂದಿನಿಂದ ಅವರದು ಹೋದಲ್ಲಿ ಬಂದಲ್ಲಿ ಒಂದೇ ಮಾತು: "ಪುಣೆದವರು ಗೇಣು ಬಟ್ಟ್ಯಾಗ ಬೀಗತನ ಮುಗಿಸಿದ್ರು."

ಈಗ ಪುಣೆಯ ಬಿಬವೇವಾಡಿಯ ನಮ್ಮ ಮನೆಯಲ್ಲಿ ಮೊಮ್ಮಗಳ ತೊಟ್ಟಿಲ ಕಾರ್ಯ. ಹಿಂದಿನ ದಿನವೇ ಬಂದಿಳಿದ ಬೀಗರು ಹೋಳಿಗೆ ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು.

"ರುಮಾಲಿಂದು ಮುಗೀಲಾರ್ದ ಈ ಮನ್ಯಾಗ ನಾ ತುತ್ತು ಮುಟ್ಟಂಗಿಲ್ರಿ. ನಾಳಿ ತೊಟ್ಟಲ ಮುಂದೂ ನಿಂದ್ರಂಗಿಲ್ಲ."

ಒಳಗೆ ಮಗಳು ಕಣ್ಣೊರೆಸಿಕೊಂಡಳು. ಹೆಂಡತಿ ಸುಶೀಲಾ ನನ್ನನ್ನು ಅಡುಗೆಮನೆಗೆ ಎಳೆದಳು.

"ಹೊಸಾ ರುಮಾಲು ತರ್ರಿ. ಚಾಷ್ಟಿ ಮಾಡಬ್ಯಾಡ್ರಿ. ಮಗಳು ಆ ಮನ್ಯಾಗ ಬಾಳೇವು ಮಾಡಬೇಕು."

"ಆ ತಲಿಗೆ ಅಂಗಡ್ಯಾಗ ಸಿಗೂದಿಲ್ಲ," ಎಂದೆ. "ಆದರ ಎಲ್ಲಿ ಸಿಗತದ ಅಂತ ನನಗ ಗೊತ್ತದ."

ಸ್ವಾರಗೇಟದಲ್ಲಿ ಮೆಟ್ರೋ ಹಿಡಿದೆವು. ನಾನು, ಸುಶೀಲಾ, ಮುಖ ಊದಿಸಿಕೊಂಡ ಬೀಗರು. ನಡುವೆ ಗಾಡಿ ಬದಲಿಸುವ ಸ್ಟೇಷನ್ ಪಾತಾಳದಲ್ಲಿದೆ. ಆದರೂ ಮೇಲಿನಿಂದ ಬಿಸಿಲು ಸೀದಾ ಒಳಗಿಳಿಯುತ್ತದೆ. ಬೀಗರು ತಲೆಯೆತ್ತಿ ನೋಡಿದರು. "ಬಾವ್ಯಾಗ ಇಳಿಸಿ ರುಮಾಲು ಹುಡುಕ್ತೀರೇನು?"

ಡೆಕ್ಕನ್‌ನಲ್ಲಿ ಇಳಿದು, ಹೊರಗೆ ಬಂದು, ನದಿಯ ಕಡೆಯಿಂದ ಸ್ಟೇಷನ್ ತೋರಿಸಿದೆ. ಪುಣೆಯವರಿಗೆ ಗೊತ್ತು, ಉಳಿದವರು ಕೇಳಿ: ಆ ಸ್ಟೇಷನ್ನಿನ ಮಾಡು ಪಗಡಿಯ ಆಕಾರದಲ್ಲಿದೆ. ಹಿಂದೆ ಗುಡ್ಡಗಾಡಿನ ಮಾವಳೆ ಸೈನಿಕರು ಸುತ್ತುತ್ತಿದ್ದಂಥ ಪಗಡಿ. ಕೋಟೆ ಕಾಯುವವರ ತಲೆಯ ಮೇಲಿದ್ದದ್ದು ಈಗ ಆಫೀಸಿಗೆ ಲೇಟಾದವರ ತಲೆಯ ಮೇಲಿದೆ. ಇತಿಹಾಸ ಎಂದರೆ ಮ್ಯೂಸಿಯಂನ ಗಾಜಿನ ಪೆಟ್ಟಿಗೆಯೇ ಆಗಬೇಕೇ? ಮಳೆ ಬಂದರೆ ಕೆಳಗೆ ನಿಲ್ಲಬಹುದಾದ ಇತಿಹಾಸ ನನಗಂತೂ ಭಾಳ ಸೇರುತ್ತದೆ.

"ಬೀಗರ, ನಿಮ್ಮ ತಲಿ ಅಳತಿಗೆ ಬಟ್ಟಿ ಸಾಲಲಿಲ್ಲ. ಅದಕ್ಕ ಕಬ್ಬಿಣದಾಗ ಸುತ್ತಿಸೀನಿ."

ಸುಶೀಲಾ ಕಣ್ಣು ಮುಚ್ಚಿಕೊಂಡಳು. ಬೀಗರದು ಬಟ್ಟೆ ವ್ಯಾಪಾರಿಯ ಕಣ್ಣು. ಮಾಡನ್ನು ತುದಿಯಿಂದ ತುದಿಗೆ ಅಳೆದರು.

"ಇದೇನು ನಿಮ್ಮಪ್ಪಂದಾ, ಕೊಡಾಕ?"

"ಸಾರ್ವಜನಿಕ ಆಸ್ತಿ ನಿಮ್ಮ ಆಸ್ತಿ ಅಂತ ಸರಕಾರನ ಬೋರ್ಡ್ ಹಾಕತದ. ನನ್ನ ಆಸ್ತಿ ನಾ ಬೀಗರಿಗೆ ಕೊಡ್ತೀನಿ. ಯಾರು ಕೇಳಾವ್ರು?"

ಬೀಗರು ಗಂಟಲು ಸರಿಮಾಡಿಕೊಂಡರು. "ಹಂಗಾರ ಪದ್ಧತಿ ಪ್ರಕಾರ ಆಗಲಿ."

ಮತ್ತೆ ಟಿಕೆಟ್ ತೆಗೆಸಿ ಮೇಲೆ ಹೋದೆವು. ಸರಿಯಾಗಿ ಪಗಡಿಯ ಕೆಳಗೆ, ಪೂರ್ವಕ್ಕೆ ಮುಖ ಮಾಡಿ, ಬೆಂಚಿನ ಮೇಲೆ ಬೀಗರು ಕೂತರು. ಸುಶೀಲಾಳ ಪರ್ಸಿನಲ್ಲಿ ಕುಂಕುಮ ಇತ್ತು, ಹಚ್ಚಿದೆ. ಅಕ್ಷತೆ ಇರಲಿಲ್ಲ.

ಪಕ್ಕದಲ್ಲಿದ್ದ ಮರಾಠಿ ಅಜ್ಜಿ ಏನು ನಡೆದಿದೆ ಎಂದು ಕೇಳಿದಳು. ಬೀಗರಿಗೆ ಪಗಡಿ ಎಂದು ಮರಾಠಿಯಲ್ಲಿ ಹೇಳಿ ಮೇಲೆ ಬೆರಳು ತೋರಿಸಿದೆ. ಆಕೆಗೆ ಅಷ್ಟು ಸಾಕಾಯಿತು. ಚೀಲದಿಂದ ಚುರುಮುರಿ ತೆಗೆದು ನಮ್ಮ ಕೈಗೆ ಹಾಕಿದಳು. ಎಲ್ಲರೂ ಬೀಗರ ಮೇಲೆ ಎರಚಿದೆವು.

ಗಾರ್ಡ್ ಓಡಿ ಬಂದ. "ಕಾಕಾ, ಇಥೆ ಖಾಯ್‌ಚಂ ನಾಹೀ."

"ಯಾರೂ ತಿನ್ನಾಕತ್ತಿಲ್ಲೋ ತಮ್ಮಾ, ಅಕ್ಷತಿ ಅದು," ಎಂದರು ಬೀಗರು, ಕನ್ನಡದಲ್ಲೇ, ಮದುಮಗನ ಗತ್ತಿನಲ್ಲಿ.

(ಅಷ್ಟೂ ಚುರುಮುರಿಯನ್ನು ನಾನೇ ಬಗ್ಗಿ ಆರಿಸಬೇಕಾಯಿತು. ಅದು ಪದ್ಧತಿಯಲ್ಲಿಲ್ಲ.)

ಮನೆಗೆ ಬಂದು ಬೀಗರು ಹೋಳಿಗೆ ತಿಂದರು. ಎಷ್ಟು ಎಂದು ಹೇಳಿದರೆ ದೃಷ್ಟಿ ತಾಗೀತು. ಮರುದಿನ ತೊಟ್ಟಿಲನ್ನೂ ತೂಗಿದರು, ಮಗಳೂ ನಕ್ಕಳು. ಒಂದು ಪೈಸೆಯ ಬಟ್ಟೆ ಇಲ್ಲದೆ ಬೀಗರನ್ನು ಗೆದ್ದವನು ಪುಣೆಯಲ್ಲಿ ಇನ್ನೊಬ್ಬನಿದ್ದರೆ ತೋರಿಸಿ ಎಂದು ಸೊಸೈಟಿಯ ತುಂಬ ಸವಾಲು ಹಾಕಿಕೊಂಡು ತಿರುಗಿದೆ.

ಒಂದು ಮರೆತಿದ್ದೆ. ನಮ್ಮ ಕಡೆ ಆಹೇರ ತೊಗೊಂಡವರು ಸುಮ್ಮನೆ ಕೂರುವುದಿಲ್ಲ. ಮುಯ್ಯಿ ತೀರಿಸುತ್ತಾರೆ, ಕೊಟ್ಟದ್ದಕ್ಕಿಂತ ಒಂದು ಗೇಣು ಹೆಚ್ಚೇ ಮಾಡಿ.

ನಿನ್ನೆ ಫೋನ್ ಬಂತು.

"ಬೀಗರ, ನೀವು ರುಮಾಲು ಕೊಟ್ರಿ, ನಾ ಧೋತರ ಕೊಡಬೇಕಲ್ಲ? ನಮ್ಮ ಹುಬ್ಬಳ್ಳಿ ಸ್ಟೇಷನ್ನಿನ ಪ್ಲಾಟ್‌ಫಾರ್ಮ್ ನಿಮಗ ಉಡಸ್ತೀನಿ. ಲೋಕದಾಗ ಅಷ್ಟು ಉದ್ದಂದು ಎಲ್ಲೂ ಇಲ್ಲ. ಐತವಾರ ಬರ್ರಿ. ಮಂದಿ ಕರದೀನಿ. ವಾಲಗದವ್ರಿಗೂ ಹೇಳೀನಿ."

ಹೋಗದಿದ್ದರೆ ಮುಯ್ಯಿ ಒಲ್ಲೆ ಎಂದಂತೆ. ಮಗಳಿಗೆ ಮತ್ತೆ ಅದೇ ಗೋಳು. ಸುಶೀಲಾ ಆಗಲೇ ಬ್ಯಾಗ್ ತುಂಬಿದ್ದಾಳೆ, ನಗು ತಡೆಯಲು ಸೆರಗು ಬಾಯಿಗೆ ಒತ್ತಿಕೊಂಡು.

ಹೋಗುತ್ತೇನೆ. ಉಟ್ಟೂ ತೋರಿಸುತ್ತೇನೆ. ನನ್ನದು ಒಂದೇ ಪ್ರಶ್ನೆ: ಕಚ್ಚೆ ಸಿಕ್ಕಿಸಲು ಗದಗಿನ ಕಡೆ ಓಡಲೋ, ಧಾರವಾಡದ ಕಡೆಯೋ?